ಒಂಬತ್ತು ಕಣ್ಣಿನ ಮನೆ

ಗುರುವಾರ ಸಂಜೆ ನಾಲ್ಕೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ದೂರುದಾರನನ್ನು ಕಂಡ ಎರಡೇ ನಿಮಿಷಕ್ಕೆ ಇನ್‌ಸ್ಪೆಕ್ಟರ್ ಮೇಡಂಗೆ ಮೈ ಉರಿಯತೊಡಗಿತು. ಆತ ಕೂರುವ ಮುಂಚೆಯೇ ಗೋಡೆಯ ಮೂಲೆಯಲ್ಲಿದ್ದ ಕ್ಯಾಮೆರಾ ನೋಡಿ ಹಲ್ಲು ಕಿರಿದಿದ್ದ.

"ನಿಮ್ಮ ಕ್ಯಾಮೆರಾನೇ ಕತ್ತು ಮುರ್ಕೊಂಡು ನೇತಾಡ್ತಿದೆಯಲ್ಲ ಮೇಡಂ! ನೀವು ಊರು ಕಾಯೋರು!"

"ಅದು ಕೆಟ್ಟಿದೆ. ನಿಮ್ಮ ವಿಷಯ ಹೇಳಿ."

"ಕಳ್ಳತನ."

"ಏನು ಹೋಯ್ತು?"

"ನಮ್ಮನೆ ಕ್ಯಾಮೆರಾಗಳ ರೆಕಾರ್ಡರ್."

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಕೆಮ್ಮುವ ನೆಪದಲ್ಲಿ ನಗು ನುಂಗಿದ. ಅವನ ಎತ್ತರ ನೋಡಿ ಠಾಣೆಯವರು ಅವನನ್ನು ಏಳಡಿ ಎಂದೇ ಕರೆಯುತ್ತಿದ್ದರು.

ದೂರುದಾರ ಗೋದಾಮಿನ ಮೇಲ್ವಿಚಾರಕನಾಗಿದ್ದವನು. ಸರ್ವೀಸು ಪೂರ್ತಿ ಹಮಾಲರ ಜೇಬು ತಡಕಿ ನಿವೃತ್ತನಾಗಿದ್ದ. ಈಗ ತಡಕಲು ಬೇರೆಯವರ ಜೇಬಿಲ್ಲದೆ ಕೈ ತುರಿಸುತ್ತಿತ್ತು ಎಂದು ಕಾಣುತ್ತದೆ. ಆತ ಮೇಜಿನ ಮೇಲೆ ದೊಡ್ಡ ಹಾಳೆಯೊಂದನ್ನು ಹಾಸಿದ. ಮನೆಯ ನಕ್ಷೆ. ಎರಡು ಕೋಣೆ, ಒಂದು ಹಾಲ್, ಅಡಿಗೆಮನೆ, ಚಿಕ್ಕ ಹಿತ್ತಲು, ಪಕ್ಕದಲ್ಲಿ ಬಾಡಿಗೆಗೆ ಕೊಟ್ಟ ಒಂಟಿ ಕೋಣೆ. ಅಷ್ಟು ಜಾಗಕ್ಕೆ ಒಂಬತ್ತು ಕ್ಯಾಮೆರಾ. ಯಾವುದು ಎಲ್ಲಿಂದ ಎಲ್ಲಿಗೆ ನೋಡುತ್ತದೆ ಎಂದು ಬಣ್ಣದ ಪೆನ್ಸಿಲಿನಲ್ಲಿ ತುಂಬಿದ್ದ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ ಎಂದುಕೊಂಡರು ಮೇಡಂ.

"ಪ್ಲಾನ್ ಪೂರ್ತಿ ನಂದೇ. ಅಂಗಡಿಯವನದು ಬರೀ ಮೊಳೆ ಹೊಡಿಯೋ ಕೆಲಸ. ಒಂದು ಇಲಿ ನುಗ್ಗಿದ್ರೂ ನಂಗೆ ಗೊತ್ತಾಗ್ಬೇಕು."

"ಗೊತ್ತಾಯ್ತಾ?"

ನಡೆದದ್ದು ಇಷ್ಟು. ಮಧ್ಯಾಹ್ನ ಊಟ ಮಾಡಿ ಮಲಗಿದ್ದ. ಮೂರು ಗಂಟೆ ದಾಟಿ ಎದ್ದು ಫೋನ್ ನೋಡಿದರೆ ಒಂಬತ್ತು ಚೌಕಗಳೂ ಕಪ್ಪು. ಹಾಲಿನ ಗೋಡೆ ಬೀರು ತೆರೆದರೆ ರೆಕಾರ್ಡರ್ ಇಲ್ಲ. ಕ್ಯಾಮೆರಾದ ಮುಂದೆ ಯಾರಾದರೂ ಸುಳಿದರೆ ಫೋನಿಗೆ ಒಂದು ಫೋಟೋ ಬಂದು ಬೀಳುತ್ತಿತ್ತು. ಕೊನೆಯ ಫೋಟೋದಲ್ಲಿ ಪಕ್ಕದ ಕೋಣೆಯ ಬಾಡಿಗೆಯವನು ಚೀಲ ಹಿಡಿದು ಗೇಟಿನ ಕಡೆ ಹೋಗುತ್ತಿದ್ದ. ಅದಾದ ಮೇಲೆ ಮನೆಯೊಳಗೆ ಒಂದು ನರಪಿಳ್ಳೆಯೂ ಸುಳಿದಿಲ್ಲ.

"ಅವನೇ ಮೇಡಂ. ಆಂಬುಲೆನ್ಸ್ ಓಡಿಸ್ತಾನೆ. ಹೆಸರು ಬರ್ಕೊಳ್ಳಿ, ಒದ್ದು ಒಳಗೆ ಹಾಕಿ."

"ಅವನು ಒಳಗೆ ಬಂದಿದ್ದು ಫೋಟೋದಲ್ಲಿಲ್ಲ. ಅವನೇ ಅಂತ ಹೇಗೆ ಹೇಳ್ತೀರಿ?"

"ಬಾಡಿಗೆಯವನಲ್ವಾ? ಮತ್ತ್ಯಾರು ಕದೀತಾರೆ?"

"ಮನೇಲಿ ಇನ್ಯಾರಿದಾರೆ?"

"ಯಾರೂ ಇಲ್ಲ." ಆತ ಆಕಳಿಸಿದ. "ನಮ್ಮಕ್ಕ ಇದಾಳೆ."

ಮೇಡಂ ಅನಾಮಧೇಯ ಆರೋಪಿ ಎಂದು ಎಫ್‌ಐಆರ್ ದಾಖಲಿಸಿದರು. ಆತನಿಗೆ ಅದು ಸಾಲಲಿಲ್ಲ. ದೂರಿನ ಕೊನೆಗೆ ತನ್ನ ಕೈಯಾರೆ ಒಂದು ಸಾಲು ಸೇರಿಸಿದ: 'ಕಳ್ಳ ಯಾರೇ ಆಗಿರಲಿ, ಯಾವ ದಯೆ ದಾಕ್ಷಿಣ್ಯವನ್ನೂ ತೋರದೆ ಬಂಧಿಸಬೇಕು.' ಅದರ ಕೆಳಗೆ ಇನ್ನೊಂದು ಸಹಿ ಗೀಚಿ, ಪೆನ್ನು ಏಳಡಿಯದು ಎನ್ನುವುದನ್ನು ಮರೆತು ಜೇಬಿಗೆ ಸಿಕ್ಕಿಸಿಕೊಂಡು ಹೋದ.

"ಬೀದಿಯವರು ಇವನಿಗೆ ದುರ್ಬೀನಪ್ಪ ಅಂತಾರೆ ಮೇಡಂ," ಎಂದ ಏಳಡಿ. "ಹೆಂಡ್ತಿ ಮಗನ ಮನೆಗೆ ಅಂತ ಹೋದೋರು ವಾಪಸ್ಸೇ ಬಂದಿಲ್ವಂತೆ."

"ಬುದ್ಧಿವಂತೆ," ಎಂದರು ಮೇಡಂ.

ಐದೂವರೆಗೆ ಅಕ್ಕಪಕ್ಕದ ಇಬ್ಬರನ್ನು ಪಂಚರನ್ನಾಗಿ ಕರೆದು ಸ್ಥಳ ಪಂಚನಾಮೆ ಶುರುವಾಯಿತು. ಬೀಗ ಮುರಿದಿಲ್ಲ. ಕಿಟಕಿಯ ಚಿಲಕ ತುಕ್ಕು ಹಿಡಿದು ಅಂಟಿಕೊಂಡಿತ್ತು, ಅದರ ಮೇಲಿನ ಜೇಡರ ಬಲೆ ಹರಿದಿರಲಿಲ್ಲ. ಮೇಡಂ ಬೀರುವಿನೊಳಗೆ ಟಾರ್ಚ್ ಬಿಟ್ಟರು. ವೈರುಗಳನ್ನು ಯಾರೂ ಕಿತ್ತಿರಲಿಲ್ಲ. ಒಂದೊಂದಾಗಿ ಬಿಚ್ಚಿ, ಅಂದವಾಗಿ ಸುತ್ತಿ, ಧೂಳು ಒರೆಸಿ ಇಟ್ಟಿದ್ದರು.

"ಎಂಥಾ ಮರ್ಯಾದಸ್ಥ ಕಳ್ಳ ಮೇಡಂ!" ಎಂದ ಏಳಡಿ.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ಆಂಬುಲೆನ್ಸ್ ಡ್ರೈವರ್ ಪೊಲೀಸರನ್ನು ಕಂಡು ಗೇಟಿನಲ್ಲೇ ನಿಂತುಬಿಟ್ಟ. ದಪ್ಪ ಆಳು. ಅವನಿಗಿಂತ ಒಂದು ಹೆಜ್ಜೆ ಮುಂದೆ ಅವನ ಹೊಟ್ಟೆ ನಡೆಯುತ್ತಿತ್ತು. ಚೀಲದಲ್ಲಿ ಟಿಫಿನ್ ಡಬ್ಬಿ ಮತ್ತು ಯೂನಿಫಾರ್ಮ್ ಬಿಟ್ಟರೆ ಏನೂ ಇರಲಿಲ್ಲ.

"ಮೇಡಂ, ನಿಮ್ಮ ದಮ್ಮಯ್ಯ. ಪೊಲೀಸ್ ಕೇಸು ಅಂತ ಆಸ್ಪತ್ರೆಯವರ ಕಿವಿಗೆ ಬಿದ್ರೆ ಸಾಕು, ನಾಳೇನೇ ಗಾಡಿ ಕೀ ಕಿತ್ಕೊಳ್ತಾರೆ. ನಂಗೆ ಬೇರೆ ಕೆಲಸ ಗೊತ್ತಿಲ್ಲ."

"ನಾಟಕ ನೋಡಿ!" ಎಂದ ದುರ್ಬೀನಪ್ಪ. "ಮೇಡಂ, ನಾಳೆ ಹೊತ್ತಿಗೆ ಇವನನ್ನ ಎತ್ತಾಕಿಲ್ಲ ಅಂದ್ರೆ ನಾನೇ ಆಸ್ಪತ್ರೆಗೆ ಫೋನ್ ಮಾಡ್ತೀನಿ."

"ನಾಳೆ ತನಕ ಬಾಯಿ ಮುಚ್ಕೊಂಡಿರಿ. ಆ ಕ್ಯಾಮೆರಾಗಳಲ್ಲಿ ಮುಖ ಸರಿಯಾಗಿ ಕಾಣುತ್ತಾ?"

ಅದೊಂದು ಪ್ರಶ್ನೆಗೆ ಆತ ಹೂವಿನಂತೆ ಅರಳಿದ. ಫೋನ್ ತೆಗೆದು ಮೇಡಂ ಮೂಗಿನ ಮುಂದೆ ಹಿಡಿದ. "ಮುಖ ಏನು, ಮಾತೂ ಕೇಳುತ್ತೆ. ನೋಡಿ."

ಹಿತ್ತಲಿನ ದೃಶ್ಯ. ಸಣಕಲು ಮುದುಕಿಯೊಬ್ಬಳು ಒಗೆಯುವ ಕಲ್ಲಿನ ಮುಂದೆ ಕೂತು, ಎದುರಿಗೆ ಯಾರೂ ಇಲ್ಲದೆ ಮಾತಾಡುತ್ತಿದ್ದಳು. "ರೀ, ನಿಮಗೆ ಎಷ್ಟು ಸಲ ಹೇಳೋದು? ತಲೆ ಒರೆಸ್ಕೊಳ್ದೆ ಗಾಳೀಲಿ ನಿಲ್ಬೇಡಿ ಅಂತ. ಏನ್ ನಗ್ತೀರಾ..." ಆಮೇಲೆ ಆಕೆಯೇ ನಾಚಿ ನಕ್ಕಳು.

"ಭಾವ ಸತ್ತು ಯಾವ ಕಾಲ ಆಯ್ತು!" ದುರ್ಬೀನಪ್ಪ ಉಸಿರು ಕಟ್ಟುವಷ್ಟು ನಕ್ಕ. "ಮೊನ್ನೆ ಕ್ಯಾಮೆರಾ ಅಂಗಡಿಯವನಿಗೆ ಟಿವೀಲಿ ಹಾಕಿ ತೋರಿಸ್ದೆ, ಹೊಟ್ಟೆ ಹಿಡ್ಕೊಂಡು ನಕ್ಕ. ಇನ್ನೂ ಯಾರಿಗೂ ಕಳಿಸಿಲ್ಲ. ಭಾನುವಾರ ನೆಂಟರೆಲ್ಲ ಬರ್ತಾರೆ, ಆಗ ದೊಡ್ಡದಾಗಿ ಹಾಕೋದು ಅಂತಿದ್ದೆ. ಪೆಟ್ಟಿಗೇಲಿ ಇಂಥದ್ದು ಇನ್ನೂ ಎಷ್ಟಿತ್ತು ಗೊತ್ತಾ? ಎಲ್ಲಾ ಹಾಳಾಯ್ತು. ಫೋನಲ್ಲಿ ಇದೊಂದೇ ಉಳಿದಿರೋದು."

ಏಳಡಿಯೂ ಹಲ್ಲು ಬಿಡಲು ಹೊರಟಿದ್ದ. ಮೇಡಂ ಮುಖ ನೋಡಿ ಮುಚ್ಚಿಕೊಂಡ. ಅಡಿಗೆಮನೆಯ ಬಾಗಿಲಲ್ಲಿ ಅದೇ ಮುದುಕಿ ಟೀ ತಟ್ಟೆ ಹಿಡಿದು ನಿಂತಿದ್ದಳು. ತನ್ನದೇ ದನಿ ತಮ್ಮನ ಅಂಗೈಯಿಂದ ಕೇಳಿಬರುತ್ತಿದ್ದಂತೆ ಆಕೆ ಲೋಟಗಳನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ಗೋಡೆಗೆ ಒತ್ತಿಕೊಂಡು ಒಳಗೆ ಹೋದಳು. ತಾಯಿ ಸತ್ತಾಗ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಆಕೆಯೇ ಎಂದು ಪಂಚರಲ್ಲಿ ಒಬ್ಬ ಪಿಸುಗುಟ್ಟಿದ. ಮೇಡಂ ಟೀ ಮುಟ್ಟದೆ ಹೊರಟರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮೇಡಂ ದುರ್ಬೀನಪ್ಪನ ಮನೆಗೆ ಕ್ಯಾಮೆರಾ ಅಂಗಡಿಯವನನ್ನು ಬೇರೊಂದು ರೆಕಾರ್ಡರ್ ಸಮೇತ ಕರೆಸಿದರು. ಪಂಚರಿಗೂ ಡ್ರೈವರನಿಗೂ ಬರಲು ಹೇಳಿದ್ದರು. ಆತ ಅದನ್ನು ಟಿವಿಯ ಪಕ್ಕದಲ್ಲಿಟ್ಟು ವೈರು ಎಳೆದು ಜೋಡಿಸಿದ. ಪರದೆಯ ಮೇಲೆ ಒಂಬತ್ತು ಚೌಕಗಳು ಬೆಳಗಿದವು.

"ಈ ಮನೆಗೆ ಮೂರು ಕ್ಯಾಮೆರಾ ಧಾರಾಳ ಆಗ್ತಿತ್ತು," ಎಂದ ಅಂಗಡಿಯವನು. "ಆದ್ರೆ ಯಜಮಾನ್ರು ನಮ್ಮ ಮಾತು ಕೇಳ್ಬೇಕಲ್ಲ. ನಾವೂ ವ್ಯಾಪಾರ ಯಾಕೆ ಬೇಡ ಅನ್ನೋಣ."

"ಹಾಕುವಾಗ ಎಲ್ಲಿ ಕಾಣುತ್ತೆ, ಎಲ್ಲಿ ಕಾಣಲ್ಲ ಅಂತ ಹೇಗೆ ನೋಡಿದ್ರಿ?"

"ಒಬ್ರು ಮನೆಯೆಲ್ಲಾ ನಡೀಬೇಕು, ಇನ್ನೊಬ್ರು ಪರದೆ ನೋಡ್ಬೇಕು. ಯಜಮಾನ್ರು ಇದೇ ಕುರ್ಚೀಲಿ ಕೂತ್ರು."

"ನಡೆದಿದ್ದು?"

"ಆ ಅಮ್ಮ. ಎರಡು ದಿನ ಪೂರ್ತಿ ನಡೆಸಿದ್ರು. ಅಲ್ಲಿ ನಿಲ್ಲು, ಇಲ್ಲಿ ಕೂರು, ಕೈ ಎತ್ತು, ಅಂತ."

"ಮತ್ತ್ಯಾರನ್ನ ನಡೆಸ್ಲಿ?" ಎಂದ ದುರ್ಬೀನಪ್ಪ ಕುರ್ಚಿಯಲ್ಲಿ ಕಾಲು ಚಾಚುತ್ತ. "ಅವಳಿಗೇನು ಕೆಲಸ? ಕೂತು ತಿನ್ನೋದೇ ತಾನೆ."

ಮೇಡಂ ಮೇಲೆ ನೋಡಿದರು. ಹಿತ್ತಲ ಬಾಗಿಲಿಂದ ಹಿಡಿದು, ಅಡಿಗೆಮನೆ ದಾಟಿ, ಹಾಲಿನ ಬೀರುವಿನ ತನಕ ಒಂದೇ ಗೋಡೆ. ಅದರ ಮೇಲೆ ಸಾಲಾಗಿ ಮೂರು ಕ್ಯಾಮೆರಾ, ಮೂರೂ ಮುಂದಕ್ಕೆ ನೋಡುವಂಥವು. ತನ್ನ ಕಾಲ ಕೆಳಗೆ ಏನಿದೆ ಎಂದು ಒಂದಕ್ಕೂ ಕಾಣದು. ದೀಪದ ಬುಡದಲ್ಲಿ ಕತ್ತಲೆ.

"ನಿಮ್ಮ ನಕ್ಷೆ ಪ್ರಕಾರ ಎದುರುಗಡೆಯ ನಾಲ್ಕನೇ ಕ್ಯಾಮೆರಾ ಈ ಗೋಡೆ ನೋಡ್ಬೇಕಿತ್ತಲ್ಲ?"

"ಅದನ್ನ ಆಮೇಲೆ ತಿರುಗಿಸ್ದೆ. ಕಿಟಕಿಯಿಂದ ಈ ಡ್ರೈವರ್ ಬಾಗಿಲು ಚೆನ್ನಾಗಿ ಕಾಣುತ್ತೆ. ಯಾರ್ ಯಾರು ಬಂದು ಹೋಗ್ತಾರೆ ಗೊತ್ತಾಗ್ಬೇಡ್ವಾ?"

ಪರರ ಬಾಗಿಲು ಕಾಯಲು ಹೋಗಿ ತನ್ನ ಗೋಡೆಯನ್ನೇ ಕುರುಡು ಮಾಡಿಕೊಂಡ ಪುಣ್ಯಾತ್ಮ! ಮೇಡಂ ಹಾಗೆಂದು ಬಾಯಿ ಬಿಟ್ಟು ಹೇಳಲಿಲ್ಲ. ಏಳಡಿಗೆ ಹಿತ್ತಲ ಬಾಗಿಲಿಂದ ಗೋಡೆಗೆ ಒತ್ತಿಕೊಂಡು ಬರಲು ಹೇಳಿದರು. ಎರಡನೇ ಚೌಕದಲ್ಲಿ ಅವನ ಟೋಪಿ, ಮೂರನೆಯದರಲ್ಲಿ ಹೆಗಲು ಕಾಣಿಸಿದವು. ಆಮೇಲೆ ಡ್ರೈವರನ ಸರದಿ. ಪಾಪ, ಬೆವರುತ್ತ, ಉಸಿರು ಬಿಗಿಹಿಡಿದು ಅವನು ಎಷ್ಟೇ ಒತ್ತಿಕೊಂಡರೂ ಮೂರೂ ಚೌಕಗಳಲ್ಲಿ ಅವನ ಹೊಟ್ಟೆ ಮೆರವಣಿಗೆ ಹೊರಟಿತು.

"ಇವನು ಈ ದಾರೀಲಿ ಬಂದಿಲ್ಲ," ಎಂದರು ಮೇಡಂ.

"ಬೇಕಂತ ಹೊಟ್ಟೆ ಉಬ್ಬಿಸ್ಕೊಂಡು ನಾಟಕ ಮಾಡ್ತಿದಾನೆ! ಬಿಡ್ಬೇಡಿ. ನಾನು ಈಗಲೇ ಆಸ್ಪತ್ರೆಗೆ..." ದುರ್ಬೀನಪ್ಪ ಫೋನ್ ಕೈಗೆತ್ತಿಕೊಂಡು ನಂಬರು ಹುಡುಕತೊಡಗಿದ. ಡ್ರೈವರ್ ಆತನ ಮುಂದೆ ಬಂದು ಕೈಮುಗಿದು ನಿಂತ.

"ಅವನನ್ನ ಬಿಡೋ." ಅಡಿಗೆಮನೆಯ ಬಾಗಿಲಿಂದ ಸಣ್ಣ ದನಿ. "ನಾನು ನಡೀತೀನಿ. ನೀನು ಫೋನ್ ಕೆಳಗಿಟ್ಟು ಪರದೆ ನೋಡು."

"ಹೋಗ್, ಹೋಗ್. ಬೇಗ ನಡಿ," ಎಂದು ಆತ ಖುಷಿಯಿಂದ ಪರದೆಗೆ ಮುಖ ಮಾಡಿದ. ಅಕ್ಕನನ್ನು ನಡೆಸುವುದೆಂದರೆ ಆತನಿಗೆ ಅಷ್ಟು ಇಷ್ಟ.

ಆಕೆ ಹಿತ್ತಲ ಕಡೆ ಹೋದಳು. ಹಾಲಿನಲ್ಲಿದ್ದ ಇವರನ್ನು ಬಿಟ್ಟರೆ ಚೌಕಗಳೆಲ್ಲ ಖಾಲಿ. ಒಂದು ಕಾಗೆ ಬಂದು ಕಾಂಪೌಂಡಿನ ಮೇಲೆ ಕೂತಿತು, ಅದೊಂದು ಕಂಡಿತು.

"ನಡಿಯೇ! ಎಲ್ಲಿದೀಯಾ? ಕಾಣ್ತಿಲ್ಲ!" ಆತ ಕಿರುಚಿದ. "ಕಿವಿ ಬೇರೆ ಕೇಳಲ್ಲ ಇವಳಿಗೆ. ಏಯ್, ಶುರು ಮಾಡಿದೀಯೋ ಇಲ್ವೋ?"

"ಇಲ್ಲೇ ಇದೀನಿ ಕಣೋ."

ದನಿ ಆತನ ಕುರ್ಚಿಯ ಬೆನ್ನಿನಿಂದ ಬಂತು. ಬೀರುವಿನ ಪಕ್ಕ, ಕ್ಯಾಮೆರಾದ ನೇರ ಕೆಳಗೆ ಆಕೆ ನಿಂತಿದ್ದಳು. ಕೈಯಲ್ಲಿ ರೆಕಾರ್ಡರಿನ ಕಪ್ಪು ಪೆಟ್ಟಿಗೆ. ಅದರಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು.

ಅಂಗಡಿಯವನು "ಅಯ್ಯೋ, ನೆನೆಸ್ಬಿಟ್ಟಿದೀರಲ್ಲಮ್ಮ!" ಎಂದ.

"ಹಿತ್ತಲ ಬಾಗಿಲ ಪಕ್ಕ, ದುಪ್ಪಟಿ ನೆನೆಸಿರೋ ಬಕೆಟ್‌ನಲ್ಲಿ ಹಾಕಿದ್ದೆ," ಎಂದಳು ಆಕೆ ಮೇಡಂಗೆ. "ಅದರೊಳಗಿನ ಕೊಳೆ ಎಲ್ಲಾ ಹೋಗ್ಲಿ ಅಂತ. ಡ್ರೈವರಪ್ಪನಿಗೆ ಇದರ ಗಾಳಿ ಗಂಧ ಗೊತ್ತಿಲ್ಲ. ನಿನ್ನೆನೇ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ."

ದುರ್ಬೀನಪ್ಪನ ಮುಖದ ಬಣ್ಣ ಮೂರು ಸಲ ಬದಲಾಯಿತು. ಕಿಟಕಿಯಾಚೆ ಬೀದಿಯವರು ಆಗಲೇ ಕತ್ತು ಉದ್ದ ಮಾಡಿದ್ದರು. ತಾನು ಅಷ್ಟು ಕಾಲ ನೋಡಿದವರೆಲ್ಲ ಈಗ ತನ್ನನ್ನು ನೋಡುತ್ತಿದ್ದಾರೆ ಎಂಬುದು ಆತನಿಗೆ ತಟ್ಟಿರಬೇಕು, ದನಿ ತಗ್ಗಿತು.

"ಮೇಡಂ, ಇದು ಮನೆ ವಿಷಯ. ಕೇಸ್ ವಾಪಸ್ ತಗೋತೀನಿ. ವಯಸ್ಸಾಗಿದೆ, ತಲೆ ಸರಿಯಿಲ್ಲ ಅವಳಿಗೆ."

"ಎಫ್‌ಐಆರ್ ಆಗಿದೆ. ಯಾರೇ ಆಗಿರಲಿ, ದಯೆ ದಾಕ್ಷಿಣ್ಯ ಬೇಡ ಅಂತ ನೀವೇ ಬರೆದಿದೀರಿ. ಎರಡೆರಡು ಸಹಿ ಬೇರೆ. ಇನ್ನು ಏನಿದ್ರೂ ಕೋರ್ಟಲ್ಲಿ ಹೇಳಿ."

"ಅಲ್ಲ ಮೇಡಂ, ಜನ ಏನಂತಾರೆ..."

"ಫೋನ್ ಕೊಡಿ."

"ಯಾಕೆ?"

"ಕೊನೇ ಫೋಟೋ, ಕದ್ದ ಪೆಟ್ಟಿಗೆಯ ದೃಶ್ಯ, ಎಲ್ಲಾ ಇದರಲ್ಲೇ ಇದೆ. ಸಾಕ್ಷಿ. ಕೇಸಿನ ಮುದ್ದೆಮಾಲು. ಕೋರ್ಟ್ ಬಿಡೋ ತನಕ ನಮ್ಮ ಬೀರುನಲ್ಲಿ ಸೀಲ್ ಆಗಿರುತ್ತೆ."

"ಭಾನುವಾರಕ್ಕೆ..."

"ಭಾನುವಾರ ನೆಂಟರು ಬಂದ್ರೆ ನಿಮ್ಮ ಮುಖಾನೇ ತೋರಿಸಿ. ಅದೇನು ಕಮ್ಮಿ ತಮಾಷೆಯಾಗಿಲ್ಲ."

ಏಳಡಿ ಫೋನನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದ. ಪಂಚರು ಸಹಿ ಮಾಡಿದರು. ತನ್ನ ಪೆನ್ನನ್ನೂ ಅವನು ಆತನ ಜೇಬಿನಿಂದ ಎತ್ತಿಕೊಂಡ. ಹನ್ನೆರಡೂ ಕಾಲಿಗೆ ಮೇಡಂ ಮುದುಕಿಯ ಕೈ ಹಿಡಿದು ಜೀಪಿಗೆ ಹತ್ತಿಸಿದರು. ಹತ್ತುವ ಮೊದಲು ಆಕೆ, ಬಕೆಟ್ಟಿನ ದುಪ್ಪಟಿ ಹಿಂಡಿ ಒಣಹಾಕು, ಇಲ್ಲದಿದ್ದರೆ ವಾಸನೆ ಬರುತ್ತದೆ ಎಂದು ತಮ್ಮನಿಗೆ ಹೇಳಿದಳು. ಅವನು ಬಾಗಿಲು ಹಾಕಿಕೊಂಡ.

ಬಂಧಿತರ ಸಂಬಂಧಿಕರಿಗೆ ತಿಳಿಸಬೇಕೆಂಬುದು ಕಾನೂನು. ಯಾರಿಗೆ ಹೇಳಲಿ ಎಂದು ಏಳಡಿ ಕೇಳಿದಾಗ ಆಕೆ ಡ್ರೈವರನ ಹೆಸರು ಬರೆಸಿದಳು. ಅವನು ಜಾಮೀನಿಗೆಂದು ಆಗಲೇ ಠಾಣೆಯ ಹೊರಗೆ ಬಂದು ನಿಂತಿದ್ದ, ಆಂಬುಲೆನ್ಸ್ ಸಮೇತ.

"ನಗಾಡಿದ್ದಕ್ಕೆ ಬೇಜಾರಾಯ್ತೇನಮ್ಮ?" ಹೇಳಿಕೆ ತೆಗೆದುಕೊಳ್ಳುತ್ತ ಮೇಡಂ ಕೇಳಿದರು.

"ನಗ್ಲಿ ಬಿಡಿ ತಾಯಿ, ಅವನು ಹುಟ್ಟಿದಾಗಿಂದ ನನ್ನ ನೋಡಿ ನಗ್ತಾನೇ ಇದಾನೆ. ಸಾಯಂಕಾಲ ಬಟ್ಟೆ ಒಗೀತಾ ಅವರ ಹತ್ರ ನಾಲ್ಕು ಮಾತು ಆಡ್ತಿದ್ದೆ. ದಿನದ ಸುದ್ದಿ. ಅದನ್ನ ಟಿವೀಲಿ ಹಾಕಿದ ಮೇಲೆ ಅಲ್ಲಿ ಕೂತ್ರೆ ಬಾಯೇ ಬರಲ್ಲ. ಅವತ್ತಿಂದ ಮಾತಾಡ್ಸಿಲ್ಲ ಅವರನ್ನ. ಏನಂದ್ಕೊಂಡಿರ್ತಾರೋ ಏನೋ."

ಮೇಡಂ ಏಳಡಿಗೆ ಹೇಳಿದರು, "ಬರ್ಕೋ. ಕೃತ್ಯದ ಉದ್ದೇಶ: ಗಂಡನ ಜೊತೆ ಖಾಸಗಿಯಾಗಿ ಮಾತಾಡುವುದು."

"ಮೇಡಂ, ಗಂಡ ತೀರಿಕೊಂಡು..."

"ಹೇಳಿದಷ್ಟು ಬರ್ಕೋ."

ಜಾಮೀನಿನ ಕಾಗದ ತಯಾರಾಗುವ ತನಕ ಆಕೆಯನ್ನು ಒಳಗಿನ ಬೆಂಚಿನ ಮೇಲೆ ಕೂರಿಸಿದರು. ಆಕೆ ತಲೆ ಎತ್ತಿ, ಮೂಲೆಯಲ್ಲಿ ಕತ್ತು ಮುರಿದು ನೇತಾಡುತ್ತಿದ್ದ ಕ್ಯಾಮೆರಾವನ್ನು ನೋಡಿ ಮುದುಡಿಕೊಂಡಳು.

"ತಾಯಿ, ಇದು ನೋಡುತ್ತಾ?"

"ಇಲ್ಲಮ್ಮ. ಅದು ಕೆಟ್ಟು ಎಷ್ಟೋ ಕಾಲ ಆಯ್ತು."

"ಕೇಳ್ಸುತ್ತಾ?"

"ಏನೂ ಇಲ್ಲ. ಅದೊಂದು ಖಾಲಿ ಡಬ್ಬ."

ಮೇಡಂ ಏಳಡಿಯ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದು ಬಾಗಿಲು ಎಳೆದುಕೊಂಡರು. ಬಾಗಿಲು ಪೂರ್ತಿ ಕೂರುವ ಮೊದಲು ಒಳಗಿನಿಂದ ಸಣ್ಣ ದನಿ ಕೇಳಿತು.

"ರೀ, ಕೇಳಿದ್ರಾ? ನನ್ನ ಅರೆಸ್ಟ್ ಮಾಡಿದಾರೆ ಕಣ್ರೀ."