ಗೇಟಿನಾಚೆ ನಿಂತ ಮೆಕ್ಯಾನಿಕ್

ಹಾಲು ಉಕ್ಕಿಸಿ ಅರ್ಧ ಗಂಟೆಯಾಗಿತ್ತು. ನಾನೂ ನನ್ನ ಮಗಳು ತೇಜಸ್ವಿನಿಯೂ ಗುಬ್ಬಿಯ ಈ ಒಂದು ರೂಮಿನ ಬಾಡಿಗೆ ಮನೆಗೆ ಬಂದ ಮೊದಲ ಬೆಳಿಗ್ಗೆ ಅದು. ನನ್ನ ಹೊಲಿಗೆ ಮೆಷಿನ್ ತಂದ ಚನ್ನೇಶ್ ಮಾತ್ರ ಅದನ್ನು ಆಟೋದಿಂದ ಇಳಿಸಿ ಗೇಟಿನ ಹೊರಗೇ ನಿಂತುಬಿಟ್ಟಿದ್ದರು.

ನನಗೆ ಸಿಟ್ಟು ಬಂತು. ಈ ದಿನಕ್ಕಾಗಿ ಒಂದು ವರ್ಷ ಕಾದಿದ್ದೆ. ಒಳಗೆ ಬರಲು ಮನಸ್ಸಿಲ್ಲದವರು ಇಷ್ಟು ದೂರ ಯಾಕೆ ಬರಬೇಕಿತ್ತು?

ಗಂಡ ತೀರಿಕೊಂಡ ಮೇಲೆ ಅತ್ತೆ ಮನೆಯವರು ನಮ್ಮಿಬ್ಬರನ್ನು ಹೊರಗೆ ಹಾಕಿದರು. ಯಡಿಯೂರಿನ ದಾಸೋಹದಲ್ಲಿ ಉಂಡು, ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಮಲಗಿ ಹತ್ತು ದಿನ ಕಳೆದ ಮೇಲೆ ನೆಲೆ ಸಿಕ್ಕಿದ್ದು ತುಮಕೂರು ಶೆಟ್ಟಿಹಳ್ಳಿಯಲ್ಲಿ, ದಿಕ್ಕಿಲ್ಲದ ತಾಯಿ-ಮಕ್ಕಳಿಗೆ ಆಶ್ರಯ ಕೊಡುವ ತಾಯಂದಿರ ಮನೆಯಲ್ಲಿ. ಅಲ್ಲಿ ಎರಡು ವರ್ಷ ಮಾತ್ರ ಇರಲು ಬಿಡುತ್ತಾರೆ. ಅಷ್ಟರಲ್ಲಿ ಒಂದು ಕೆಲಸ ಕಲಿತು ಸ್ವಂತ ಕಾಲಿನ ಮೇಲೆ ನಿಲ್ಲಬೇಕು. ಗಂಡಸರು ಜಗುಲಿ ದಾಟುವಂತಿಲ್ಲ. ಜಗುಲಿಗೆ ಬರಬೇಕಾದರೂ ವಾರ್ಡನ್ ಶಿವರುದ್ರಮ್ಮನವರು ಗೇಟಿಗೆ ಕಳಿಸುವ ಪುಸ್ತಕದಲ್ಲಿ ಹೆಸರು, ಬಂದ ಟೈಮು, ಯಾರಿಗೆ ಏನಾಗಬೇಕು, ಹೊರಟ ಟೈಮು ಎಲ್ಲಾ ಬರೆದು ಸೈನ್ ಹಾಕಬೇಕು. ನಾವು ಹೊಲಿಗೆ ಕಲಿಯುತ್ತಿದ್ದ ಮೆಷಿನ್‌ಗಳ ರಿಪೇರಿಗೆ ಬರುತ್ತಿದ್ದ ಚನ್ನೇಶ್ ಪ್ರತಿ ಸಲವೂ ‘ಮೆಷಿನ್ ಮೆಕ್ಯಾನಿಕ್’ ಎಂದು ಬರೆಯುತ್ತಿದ್ದರು.

ನನ್ನ ಮೆಷಿನ್ನೇ ಹೆಚ್ಚು ಕೆಡುತ್ತಿತ್ತು. ನಿಜ ಹೇಳಬೇಕೆಂದರೆ ಬಾಬಿನ್ ಕೇಸಿನ ಸ್ಕ್ರೂ ನಾನೇ ಸಡಿಲ ಮಾಡುತ್ತಿದ್ದೆ. ಅವರಿಗೂ ಗೊತ್ತಿತ್ತು. ಜಗುಲಿಯಲ್ಲಿ ಕೂತು ಸ್ಕ್ರೂ ಬಿಗಿ ಮಾಡುತ್ತಾ ಒಮ್ಮೆ ಕಣ್ಣೆತ್ತಿ ನೋಡಿ, ತುಟಿಯಲ್ಲೇ ನಕ್ಕು, ಮತ್ತೆ ತಲೆ ತಗ್ಗಿಸುತ್ತಿದ್ದರು. ಆ ಒಂದು ನೋಟ ನನಗೆ ವಾರವಿಡೀ ಸಾಕಾಗುತ್ತಿತ್ತು.

ಹೋದ ವರ್ಷ ಅವರು ಮದುವೆಯ ಮಾತೆತ್ತಿದಾಗ ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಒಂದು ಸಲ ಬೇರೆಯವರ ಮನೆಯಿಂದ ಹೊರಗೆ ಬಿದ್ದವಳು ನಾನು. ಮೊದಲು ನನ್ನದೇ ಒಂದು ಬೀಗದ ಕೈ ಇರಲಿ, ಆಮೇಲೆ ಕೇಳಿ ಎಂದಿದ್ದೆ.

ಈಗ ಬೀಗದ ಕೈ ನನ್ನ ಸೊಂಟದಲ್ಲಿದೆ. ಕೇಳಬೇಕಾದವರು ಬೀದಿಯಲ್ಲಿದ್ದಾರೆ.

ಗೇಟಿನ ತನಕ ಹೋಗಿ, "ಯಾಕೆ, ಅಲ್ಲೇ ನಿಂತ್ಕೊಂಡ್ರಿ?" ಎಂದೆ.

ಅವರ ಪೆನ್ನು ಆಗಲೇ ಜೇಬಿನಿಂದ ಕೈಗೆ ಬಂದಿತ್ತು. "ಪುಸ್ತಕ ಬರ್ಲಿ ಅಂತ ಕಾಯ್ತಿದೀನಿ. ಸೈನ್ ಹಾಕ್ದೆ ನಿಮ್ಮನ್ನ ನೋಡಿ ಅಭ್ಯಾಸಾನೇ ಇಲ್ಲ ಕಣ್ರೀ."

ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಗು ಅದುಮಿಕೊಂಡು ಒಳಗೆ ಹೋಗಿ, ತೇಜಸ್ವಿನಿಯ ರಫ್ ನೋಟ್‌ಬುಕ್ ತಂದು ಅವರ ಕೈಗಿಟ್ಟೆ. ಹೆಸರು ಬರೆದರು, ಟೈಮು ಬರೆದರು. ಅಲ್ಲಿಗೆ ಪೆನ್ನು ನಿಂತಿತು.

"ಯಾರಿಗೆ ಏನಾಗ್ಬೇಕು ಅಂತ ಬರೀಲಿ?" ದನಿ ಸಣ್ಣದಾಗಿತ್ತು. "ಬೀಗದ್ ಕೈ ಸಿಕ್ತಲ್ಲ ರೂಪಶ್ರೀ. ಈಗ ಕೇಳ್ತಿದೀನಿ."

ಪೆನ್ನು ಈಸಿಕೊಂಡು ‘ರೂಪಶ್ರೀಯನ್ನು ಮದುವೆಯಾಗುವವರು’ ಎಂದು ನಾನೇ ಬರೆದೆ. ಅವರು ಅದನ್ನು ಎರಡು ಸಲ ಓದಿಕೊಂಡರು, ಕೆಳಗೆ ಸೈನ್ ಹಾಕಿದರು, ಆಮೇಲೆ ಗೇಟು ದಾಟಿದರು.

"ಹೊರಡೋ ಟೈಮು?"

"ಇವತ್ತು ಊಟ ಆದ್ಮೇಲೆ," ಎಂದೆ. "ಮದ್ವೆ ಆದ್ಮೇಲೆ ಆ ಕಾಲಂ ಖಾಲಿ ಬಿಡಿ."