ಕುಬಸದ ವಿಡಿಯೊ

ಅಂದೋಲಾ ಊರಿನ ಕಾಶಿಬಾಯಿಯವರ ಮನೆ ಟಿವಿಗೆ ಪೆನ್‌ಡ್ರೈವ್ ಹಾಕಿದಾಗ ನನ್ನ ಕಣ್ಣು ಟಿವಿ ಮೇಲಿರಲಿಲ್ಲ. ಬಾಗಿಲಿಗೆ ಒರಗಿ ನಿಂತ ಅವರ ಕಿರಿಮಗಳು ಭಾಗ್ಯಾಳ ಮೇಲಿತ್ತು. ಕಾಲೇಜಿಗೆ ಹೋಗುವಾಗ ಜೇವರ್ಗಿಯ ನನ್ನ ಸ್ಟುಡಿಯೊಗೆ ಇಣುಕಿ ಚೇಷ್ಟೆ ಮಾಡುವ ಹುಡುಗಿ.

ಅದು ಅವಳ ಅಕ್ಕನ ಕುಬಸದ, ಅಂದರೆ ಸೀಮಂತದ ವಿಡಿಯೊ. ಬಸುರಿಯನ್ನು ಸ್ಟುಡಿಯೊದಲ್ಲಿ ಹಸಿರು ಪರದೆಯ ಮುಂದೆ ಕೂರಿಸಿ ಶೂಟ್ ಮಾಡಿದ್ದೆ. ಸಾಫ್ಟ್‌ವೇರ್ ಹಸಿರನ್ನೆಲ್ಲ ಅಳಿಸುತ್ತದೆ, ಆ ಜಾಗದಲ್ಲಿ ಹೂದೋಟ ಕೂರಿಸಬಹುದು. ಹದಿನೈದು ದಿನದ ಹಿಂದಷ್ಟೇ ಕಲಿತ ವಿದ್ಯೆ.

ಭಾಗ್ಯಾ ನನ್ನತ್ತ ಹುಬ್ಬು ಹಾರಿಸಿದಳು. ಅಷ್ಟರಲ್ಲಿ ಕೂತ ಹೆಂಗಸರೆಲ್ಲ ಗಪ್ಪಾದರು.

ತಿರುಗಿ ನೋಡಿದೆ. ಹೂದೋಟದ ನಡುವೆ ಅಕ್ಕನ ಮುಖ, ಎರಡು ಕೈ. ಹೊಟ್ಟೆಯೇ ಇರಲಿಲ್ಲ. ಕುಬಸಕ್ಕೆ ಬಸುರಿ ಉಡುವುದು ಹಸಿರು ಸೀರೆ ಎಂದು ನಮ್ಮ ಕಡೆ ಕೂಸಿಗೂ ಗೊತ್ತು. ನಾನು ಮುಖದ ಶಾಟ್ ಒಂದನ್ನೇ ನೋಡಿ, ಅದೇ ಸೆಟ್ಟಿಂಗ್ ಎಲ್ಲದಕ್ಕೂ ಅಂಟಿಸಿ, ಭಾಗ್ಯಾ ಏನೆನ್ನುತ್ತಾಳೋ ಎಂದು ಕನಸು ಕಾಣುತ್ತ ಬಂದಿದ್ದೆ.

ಕಾಶಿಬಾಯಿ ಟಿವಿ ಬಂದ್ ಮಾಡಿದರು. "ಚಹಾ ಕುಡದ್ ಹೋಗು, ಗುರುಪಾದ" ಎಂದರು. ಬೈದಿದ್ದರೆ ಬದುಕುತ್ತಿದ್ದೆ.

ಎಂಟು ದಿನ ಅರ್ಧ ಶಟರ್ ಇಳಿಸಿಯೇ ಕೂತೆ. ಒಂಬತ್ತನೇ ದಿನ ಭಾಗ್ಯಾ ಬಗ್ಗಿ ಒಳಗೆ ಬಂದಳು.

"ಫೋನ್ ಯಾಕ ಎತ್ತಂಗಿಲ್ಲ?"

"ನಾಚಿಕಿ ಆಗ್ತದ."

"ನೀಲಿ ಪರದಿ ಕಟ್ಟಿದ್ರ ಸೀರಿ ಹೋಗಂಗಿಲ್ಲಂತ. ಎಂಟ ದಿನದಾಗ ನಿನಗಿಂತ ಜಾಸ್ತಿ ಕಲ್ತೇನಿ." ಅವಳ ತುಟಿಯಂಚಿನಲ್ಲಿ ನಗುವಿತ್ತು. ನನಗೆ ನಗಲಾಗಲಿಲ್ಲ.

"ಅಕ್ಕಗ ಭಾಳ ಬ್ಯಾಸರ ಆಗ್ಯಾದೇನು?"

"ಅಕಿ ನೆನಸಿ ನೆನಸಿ ನಗಾಕತ್ತಾಳ. ಅವ್ವಗ ಸಿಟ್ಟದ. ನಿನ್ನ ಮ್ಯಾಲಲ್ಲ, ನನ್ನ ಮ್ಯಾಲ."

"ನಿನ್ನ ಮ್ಯಾಲ ಯಾಕ?"

ಅವಳು ಓಢಣಿಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಕಲಬುರಗಿ ಸ್ಟುಡಿಯೊದವ್ರಿಗೆ ಹೇಳೋರಿದ್ರು. ಹಟ ಹಿಡದು ಈ ಕೆಲಸ ನಿನಗ ಕೊಡಿಸಿದಾಕಿ ನಾನ. ಆ ಹುಡುಗನ ಮ್ಯಾಲ ನಿನಗ ಯಾಕಷ್ಟ ಭರೋಸಾ ಅಂತ ಅವ್ವ ದಿನಾ ಕೇಳಾಕತ್ತಾಳ."

"ನೀ ಏನಂದಿ?"

"ಏನೂ ಅಂದಿಲ್ಲ. ತೆಳಗ ನೋಡ್ಕೋತ ಕುಂದರ್ತೇನಿ."

ನನ್ನ ಮಾನ ಹೋಯಿತೆಂದು ನಾನು ಮೂಲೆ ಹಿಡಿದಿದ್ದೆ. ನನ್ನ ಸಲುವಾಗಿ ಇವಳು ದಿನವೂ ತಲೆ ತಗ್ಗಿಸುತ್ತಿದ್ದಳು. ನಿಜವಾದ ನಾಚಿಕೆ ನನಗೆ ಆಗ ಆಯಿತು.

ಎದ್ದು ಬೀಗ ಕೈಗೆತ್ತಿಕೊಂಡೆ.

"ಎಲ್ಲಿಗಿ?"

"ಅಂದೋಲಾಕ. ಅವ್ವಗ ನಾ ಜವಾಬ ಕೊಡ್ತೇನಿ."

"ಏನಂತ?"

"ನಿನ್ನ ಮೆಚ್ಚಿಸಬೇಕಂತ ಗಡಿಬಿಡಿ ಮಾಡಿ ಕೆಡಿಸಿದೆ ಅಂತ. ಎರಡ ವರ್ಷದಿಂದ ನಿನ್ನ ಮ್ಯಾಲ ಜೀವ ಅದ ಅಂತ."

ಭಾಗ್ಯಾ ನನ್ನ ಕೈಯಿಂದ ಬೀಗ ತಗೊಂಡಳು. ಇಬ್ಬರೂ ಹೊರಗೆ ಬಂದ ಮೇಲೆ ಶಟರ್ ಎಳೆದು ತಾನೇ ಬೀಗ ಹಾಕಿದಳು.

"ತಪ್ಪಿನ ಮಾತ ನೀ ಹೇಳು," ಎಂದಳು. "ಎರಡನೇದು ನಾ ಹೇಳ್ತೇನಿ."