ಪೇಟಿಯ ಮುಚ್ಚಳದೊಳಗಿನ ಸಾಲು

ಶಾಲೆಯ ಗೇಟು ದಾಟುವಷ್ಟರಲ್ಲಿ ಒಬ್ಬ ಮನುಷ್ಯ ಎದುರಿಗೆ ಬಂದು ಅವಳ ಕೈಯಿಂದ ಹಾರ್ಮೋನಿಯಂ ಪೇಟಿಯನ್ನು ಇಸಿದುಕೊಂಡ.

"ಸ್ಟೇಷನ್ನಿಂದ ಒಬ್ರ ಹೊತ್ಕೊಂಡು ಬಂದೀರೇನ್ರಿ? ಬಳ್ಳು ನೋಡ್ರಿ, ಹೆಂಗ ಕೆಂಪಾಗ್ಯಾವ."

ಗಂಗಾ ಬೆರಳು ನೋಡಿಕೊಂಡಳು. ಅವನು ಪೇಟಿಯನ್ನು ನೆಲಕ್ಕಿಡದೆ, ಕಟ್ಟೆಯ ಮೇಲೆ ತನ್ನ ಕರವಸ್ತ್ರ ಹಾಸಿ ಅದರ ಮೇಲಿಟ್ಟ. ಆಮೇಲೆ ಒಂದು ಲೋಟ ನೀರು ತಂದುಕೊಟ್ಟ.

ಎರಡು ವರ್ಷದಲ್ಲಿ ಯಾರಾದರೂ ತನ್ನ ಕೈ ನೋಡಿದ್ದುಂಟೇ? ಎಷ್ಟು ಮೆದು ಮನುಷ್ಯ... ಎಂದುಕೊಳ್ಳುತ್ತ ಅವಳು ಅರ್ಧ ನೀರು ಕುಡಿದಿದ್ದಳು. ಅಷ್ಟರಲ್ಲಿ ವರಾಂಡದಿಂದ ಯಾರೋ ಹುಡುಗಿ ಕೂಗಿದಳು.

"ಹನುಮೇಶ ಸರ್, ಪ್ರಾರ್ಥನೆಗೆ ಹೊತ್ತಾತ್ರಿ."

ಲೋಟದಲ್ಲಿ ಉಳಿದದ್ದನ್ನು ಗಂಗಾ ಗಿಡದ ಬುಡಕ್ಕೆ ಚೆಲ್ಲಿದಳು.

ಇವನೇ! ಯಾರಿಗಾಗಿ ಈ ಪೇಟಿಯನ್ನು ಹೊತ್ತು ತಂದಳೋ, ಅವನೇ.

ಪೇಟಿ ಅವಳ ತಮ್ಮ ಮೈಲೇಶನದು. ಸಣ್ಣಂದಿನಿಂದ ಅವನಿಗೆ ದಮ್ಮು. ಹಾಡಲು ಉಸಿರು ಸಾಲದೆಂದು ಇದೇ ಶಾಲೆಯಲ್ಲಿ ಪೇಟಿ ಕಲಿತು, ಮೂರು ವರ್ಷ ಪ್ರಾರ್ಥನೆಗೆ ನುಡಿಸಿದ್ದ. ಹತ್ತೊಂಬತ್ತು ತುಂಬಿದ ವರ್ಷ, ಮೆಣಸಿನಕಾಯಿ ಸುಗ್ಗಿಯಲ್ಲಿ, ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗೆ ಚೀಲಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋದ. ಕರೆದವನು ಹನುಮೇಶ. ಇದೇ ಶಾಲೆಯ ಹಳೆಯ ವಿದ್ಯಾರ್ಥಿ, ಆಗ ತನ್ನ ಸೋದರಮಾವನ ಅಂಗಡಿ ನೋಡಿಕೊಳ್ಳುತ್ತಿದ್ದ.

ಒಂದು ಗುರುವಾರ ಖಾರದ ಘಾಟಿನಲ್ಲಿ ಮೈಲೇಶ ಕೆಮ್ಮಿದ. ಹನುಮೇಶ ಪಕ್ಕದಲ್ಲೇ ಇದ್ದ. ತಿರುಗಿಯೂ ನೋಡದೆ ಮಾಲಿನ ದರ ಬರೆಯುವ ಟೆಂಡರಿಗೆ ಹೋದನಂತೆ. ಬರುವಷ್ಟರಲ್ಲಿ ಹುಡುಗ ಚೀಲಗಳಿಗೆ ಒರಗಿ ಕುಳಿತುಬಿಟ್ಟಿದ್ದ, ಮತ್ತೆ ಏಳಲಿಲ್ಲ.

ಗಂಗಾಗೆ ತಿಳಿದದ್ದು ಇಷ್ಟೇ. ಮಣ್ಣು ಮಾಡುವ ದಿನವೂ ಹನುಮೇಶ ಬರಲಿಲ್ಲ. ಅವ್ವ ರೇಣುಕವ್ವನ ಮುಂದೆ ನಿಂತು ಒಂದು ಮಾತು ಆಡಲಿಲ್ಲ. ಈಗ ನೋಡಿದರೆ ಅದೇ ಶಾಲೆಯಲ್ಲಿ ಮಾಸ್ತರನಾಗಿ, ಪ್ರಾರ್ಥನೆಯಲ್ಲಿ ತಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದಾನೆ.

ದಾನ ಕೊಟ್ಟ ವಸ್ತುವಿನ ಮೇಲೆ 'ಸ್ಮರಣಾರ್ಥ' ಎಂದು ಬರೆಸುವುದು ಆ ಕಡೆಯ ವಾಡಿಕೆ. ಆ ಶಾಲೆಯ ಫ್ಯಾನು, ಗಡಿಯಾರ, ಊಟದ ತಾಟು, ಎಲ್ಲದರ ಮೇಲೂ ತೀರಿಹೋದವರ ಹೆಸರಿದೆ. ದಾನ ಕೊಡಲೆಂದು ತಂದ ಪೇಟಿಗೆ ಗಂಗಾ ಬ್ಯಾಡಗಿಯಲ್ಲಿ ಬರೆಸಲಿಲ್ಲ. ರಾಣೆಬೆನ್ನೂರಿಗೆ ಹೋಗಿ, ಯೂಸುಫಸಾಬರಿಂದ ಹಿತ್ತಾಳೆಯ ತಗಡೊಂದರಲ್ಲಿ ಎರಡು ಸಾಲು ಕೆತ್ತಿಸಿ, ಪೇಟಿಯ ಮುಚ್ಚಳದ ಒಳಗಡೆ ಕೂರಿಸಿದ್ದಳು. ಆ ಮುದುಕ ಎರಡು ಸಲ ಕೇಳಿದ್ದರು, ಖರೇ ಇದನ್ನ ಬರೀಲೇನವ್ವಾ ಎಂದು.

ಮಕ್ಕಳು ಸಾಲಾಗಿ ನಿಂತರು. ಹನುಮೇಶ ಪೇಟಿಯ ಮುಂದೆ ಕುಳಿತು ಮುಚ್ಚಳ ತೆಗೆದ.

'ದಿ. ಮೈಲೇಶನ ಸ್ಮರಣಾರ್ಥ. ಇವನ ಕೆಮ್ಮು ಹನುಮೇಶನಿಗೆ ಕೇಳಿಸಲಿಲ್ಲ.'

ಓದು ಮಗನೇ. ದಿನಾ ಬೆಳಿಗ್ಗೆ ಓದು. ನಿವೃತ್ತಿಯಾಗುವವರೆಗೂ ಓದು...

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಆದರೂ ನುಡಿಸಿದ. ಒಂದು ಸ್ವರವೂ ತಪ್ಪಲಿಲ್ಲ. ಮುಗಿದ ಮೇಲೆ ಅವಳ ಬಳಿ ಬಂದು ತಲೆ ತಗ್ಗಿಸಿ ನಿಂತ.

"ಅದರಾಗ ಸುಳ್ಳು ಏನೂ ಇಲ್ರಿ."

ಹಾವೇರಿಗೆ ಹೋಗುವ ಬಸ್ಸಿನಲ್ಲಿ ಗಂಗಾಗೆ ಗೆದ್ದ ಖುಷಿ. ಆದರೆ ಬಸ್ಸು ಮೋಟೆಬೆನ್ನೂರು ದಾಟುವ ಮೊದಲೇ ಅದು ಸಾಲದೆನಿಸಿತು. ಅವನು ನರಳುವುದನ್ನು ಕಣ್ಣಾರೆ ನೋಡಬೇಕು.

ಹಾವೇರಿಯ ಔಷಧಿ ಅಂಗಡಿಯಲ್ಲಿ ಅವಳ ಕೆಲಸ ಮಧ್ಯಾಹ್ನದಿಂದ. ಹಾಗಾಗಿ ಪ್ರತಿ ಶನಿವಾರ ಬೆಳಿಗ್ಗೆ, ಪೇಟಿ ಹೇಗಿದೆ ನೋಡುವ ನೆವದಲ್ಲಿ ಶಾಲೆಗೆ ಬಂದಳು. ಕಣ್ಣು ಕದಲಿಸದೆ ಅವನನ್ನೇ ನೋಡುತ್ತಿದ್ದಳು. ಅವನು ಮುಚ್ಚಳ ತೆಗೆಯುವನು, ಓದುವನು, ನುಡಿಸುವನು. ಎರಡನೆಯ ಶನಿವಾರ ಅವಳಿಗಾಗಿ ನೆರಳಲ್ಲಿ ಕುರ್ಚಿ ಹಾಕಿಸಿದ್ದ. ಮೂರನೆಯ ಶನಿವಾರ ಅದರ ಪಕ್ಕ ಒಂದು ಸ್ಟೂಲಿತ್ತು, ಅವಳ ಚೀಲ ಇಡಲಿಕ್ಕೆ.

ಇಷ್ಟು ಒಳ್ಳೆಯವನಾಗಬೇಡ. ನಿನ್ನ ಮೇಲಿನ ಸಿಟ್ಟೊಂದೇ ನನಗೆ ಉಳಿದಿರೋದು.

ಆ ದಿನ ಅಡುಗೆಯ ಭರಮವ್ವ ಅವಳನ್ನು ತಡೆದಳು. ಶಾಲೆಗೆ ಬರುವ ಮೊದಲು ಆಕೆ ಅದೇ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದವಳು.

"ತಂಗೀ, ಬ್ಯಾಡಗಿ ಪ್ಯಾಟ್ಯಾಗ ಕೆಮ್ಮಿದ್ರ ಯಾರ ತಿರುಗಿ ನೋಡ್ತಾರವ್ವಾ? ದಿನಾ ಸಾವಿರ ಮಂದಿ ಕೆಮ್ತಾರ. ನಾ ನಿನ್ನ ತಮ್ಮನ ಮಗ್ಗಲದಾಗ ಕುಂತಿದ್ದೆ. ಕಿವಿಗೆ ಬಿದ್ರೂ ನನಗೂ ಕೇಳಿಸ್ಲಿಲ್ಲ. ನನ್ನ ಹೆಸರೂ ಬರಸು."

ಆಮೇಲೆ ಉಳಿದದ್ದನ್ನೂ ಹೇಳಿದಳು. ಹನುಮೇಶ 'ಆರಾಮಿಲ್ಲೇನೋ' ಎಂದು ಕೇಳಿದ್ದಕ್ಕೆ, ಖಾರದ ಕೆಮ್ಮು ಬಿಡಣ್ಣಾ ಎಂದಿದ್ದ ಮೈಲೇಶ. ಓಣಿ ತುಂಬ ಗಾಡಿ ನಿಂತು ದಾರಿಯಿಲ್ಲದಾಗ, ಹನುಮೇಶ ಅವನನ್ನು ಹೆಗಲ ಮೇಲೆ ಹೊತ್ತು ಬರಿಗಾಲಲ್ಲಿ ದವಾಖಾನೆಗೆ ಓಡಿದ್ದ. ಮಣ್ಣಿನ ದಿನ ಗಂಗಾಳ ಓಣಿಯ ತುದಿಯವರೆಗೆ ಬಂದು, ಮುಂದೆ ಕಾಲಿಡಲಾರದೆ ಸಂಜೆತನಕ ನಿಂತಿದ್ದ. ಮಾರನೆಯ ದಿನವೇ ಅಂಗಡಿ ಬಿಟ್ಟ. ಹೆಡ್‌ಮೇಡಂ ತಗಡು ಕಿತ್ತಿಸಲು ಹೊರಟಾಗ ಬೇಡವೆಂದು ತಡೆದವನೂ ಅವನೇ.

ಮುಂದಿನ ಶನಿವಾರ ಗಂಗಾ ಚೀಲದಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಬಂದಳು. ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ ಪೇಟಿಯ ಮುಂದೆ ಕುಳಿತಳು. ಮೊದಲ ತಿರುಪಿಗೆ ಸ್ಕ್ರೂಡ್ರೈವರ್ ಸರಿಯಾಗಿ ಕೂರಲಿಲ್ಲ.

"ಯಾಕ ತಗೀತೀರಿ? ಇರ್ಲಿ ಬಿಡ್ರಿ," ಎಂದ ಹನುಮೇಶ, ಎದುರು ಕುಳಿತು.

"ಹೆಸರು ತಪ್ಪೈತಿ."

ಅವನ ಕಡೆ ನೋಡದೆ ಗಂಗಾ ಮುಂದುವರಿಸಿದಳು.

"ಆವತ್ತ ಮುಂಜಾನೆ ಅವ ನನಗ ಫೋನ್ ಮಾಡಿದ್ದ. ಕೆಮ್ಮಾಕತ್ತಿದ್ದ. ನಾ ಔಷಧಿ ಅಂಗಡ್ಯಾಗ ಇರಾಕಿ. ಕೆಮ್ಮು ಕೇಳಿದ್ರ ಯಾವ ಸಿರಪ್ ಬೇಕಂತ ಹೇಳ್ತೇನಿ. ನನ್ನ ತಮ್ಮಂದು ಕೇಳಿ... ನಕ್ಕೆ. 'ಪ್ಯಾಟಿ ಗಾಳಿ ಬಡೀತೇನಪ್ಪಾ ಸಾವ್ಕಾರಾ' ಅಂದು ಫೋನ್ ಇಟ್ಟೆ. ಅವ್ವಗೂ ಹೇಳಿಲ್ಲ. ಎರಡ ವರ್ಷ ನಿಮ್ಮ ಹೆಸರು ಜಪಿಸೇನಿ, ನನ್ನ ಹೆಸರು ನೆನಪಾಗಬಾರದಂತ."

ಅವನು ತಗಡಿನ ಮೇಲೆ ಬೆರಳಾಡಿಸಿದ.

"ನನಗ ಗೊತ್ತಿತ್ರಿ."

ಗಂಗಾ ತಲೆಯೆತ್ತಿದಳು.

"ಅವನ ಕೈ ತುಂಬ ಗೋಂದು. ಫೋನು ನಾ ಹಿಡಿದಿದ್ದೆ, ಸ್ಪೀಕರ್ ಹಾಕಿ. ನಿಮ್ಮ ನಗು ನಾನೂ ಕೇಳೇನಿ."

ಮುಚ್ಚಳ ತೆಗೆದ ದಿನವೂ ಇವನಿಗೆ ಗೊತ್ತಿತ್ತು. ಮಕ್ಕಳೆದುರು ತನ್ನ ಹೆಸರು ಓದಿಕೊಂಡಾಗಲೂ ಗೊತ್ತಿತ್ತು! ಒಂದೇ ಮಾತಿನಲ್ಲಿ ತನ್ನನ್ನು ಅಲ್ಲೇ ಕೆಡವಬಹುದಿತ್ತು.

"ಯಾಕ ಹೇಳ್ಲಿಲ್ಲ?" ಎಂದಳು ಗಂಗಾ.

"ಹೇಳಿ ಏನ ಮಾಡ್ಲಿ? ನೀವು ನಕ್ಕಿದ್ದು ಕೇಳಿ ಅವನೂ ನಕ್ಕ. ಕಡೀ ನಗು ಅವಂದು ಅದ. ಅದನ್ನ ತಪ್ಪಂತ ಹೆಂಗ ಅನ್ಲಿ?"

ಎರಡು ವರ್ಷ ಒಣಗಿದ್ದ ಕಣ್ಣು ಆಗ ಒದ್ದೆಯಾಯಿತು. ಅವನು ಸ್ಕ್ರೂಡ್ರೈವರ್ ತೆಗೆದುಕೊಂಡು ನಾಲ್ಕೂ ತಿರುಪು ಬಿಚ್ಚಿದ. ಬರೇ ಮೈಲೇಶನ ಹೆಸರಿರುವ ಹೊಸ ತಗಡು ಮಾಡಿಸೋಣ ಎಂದ.

ಗೇಟಿನವರೆಗೆ ಜೊತೆಗೆ ಬಂದವನು ಅಲ್ಲೇ ತಡೆದು ನಿಂತ.

"ನಿಮ್ಮ ಅವ್ವನ್ನ ಒಮ್ಮೆ ನೋಡಬೇಕ್ರಿ. ಬರ್ಲೇನು?"

"ಬರ್ರಿ. ಬೈತಾಳ. ಬಾಳ ಬೈತಾಳ. ನನ್ನ ಮಾತು ಹೇಳಿದ್ರ ನನಗೂ ಬೈತಾಳ. ಆಮ್ಯಾಲ ಇಬ್ಬರಿಗೂ ಉಣ್ಣಾಕ ನೀಡ್ತಾಳ."

"ಮತ್ತ ನೀವು?"

"ನಂದು ಬೈಯೋದು ಮುಗದೈತಿ."

"ಹಂಗಾರ...?"

ಗಂಗಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನ ಕಣ್ಣು ತಪ್ಪಿಸಲಿಲ್ಲ.

"ಮನ್ಯಾಗ ರೊಟ್ಟಿ ಬಡಿಯಾಕಿ ನಾನ. ಎಷ್ಟ ತಿಂತೀರಿ, ಮೊದಲ ಅದನ್ನ ಹೇಳ್ರಿ."